ಜೇಮ್ಸ್ ಬ್ರೌನರ ಸಭೆ

ಪಾಶ್ಚಾತ್ಯ ಸಂಗೀತವೆಂದೊಡನೆ ನಮ್ಮಲ್ಲಿ ಓದಿದವರಿಗೆ ಬೀಥೋವನ್, ಮೊಟ್ಸಾರ್ಟ್ ಮೊದಲಾದ ಹೆಸರುಗಳು ನೆನಪಿಗೆ ಬರುತ್ತವೆ. ಅಮೆರಿಕದ ಕರಿಯ ಜನರ ಸಂಗೀತವೆಂದರೆ ಹೆಚ್ಚೆಂದರೆ ಜಾಝ್ ಎಂಬ ಒಂದು ಮಾತು ನಾಲಗೆಯ ಮೇಲೆ ಸುಳಿಯುತ್ತದೆ. ಅದೇ ಜನರ ಕೇರಿಗಳಲ್ಲಿ, ವಾರವೆಲ್ಲ ದುಡಿದು ದಣಿದವರ ಶನಿವಾರದ ರಾತ್ರಿಗಳಲ್ಲಿ ಹುಟ್ಟಿ ಬೆಳೆದ ಫಂಕ್ ಎಂಬ ಸಂಗೀತದ ಪ್ರಸ್ತಾಪ ಬಂದಿತೆಂದರೆ, ಅದು ಸಂಗೀತವೇ, ಬರಿಯ ಗದ್ದಲವಲ್ಲವೇ ಎಂದು ಬಲ್ಲವರೇ ಕೇಳುವುದುಂಟು. ಗದ್ದಲವೆಂಬುದೇನೋ ನಿಜ. ಆದರೆ ಆ ಗದ್ದಲದಲ್ಲಿ ಒಂದು ಪೆಟ್ಟು ಅತ್ತಿತ್ತ ಸರಿದರೆ ಸಂಬಳದಲ್ಲಿ ಐದು ಡಾಲರು ಕಡಿತವಾಗುತ್ತಿತ್ತೆಂಬುದನ್ನೂ, ಅದನ್ನು ಕೇಳುತ್ತ ಕೂಗಿದವರ ಕೂಗೇ ಆ ಸಂಗೀತದ ಒಂದು ಅಂಗವಾಯಿತೆಂಬುದನ್ನೂ ತಿಳಿದ ಮೇಲೆ ಈ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಕೇಳಲಾಗುವುದಿಲ್ಲ. ಫಂಕ್ ಸಂಗೀತದ ಮೂಲಪುರುಷರೆಂದು ಬಹುಮಂದಿ ಒಪ್ಪುವ ಜೇಮ್ಸ್ ಬ್ರೌನರ ಜೀವಿತವನ್ನು ಇಲ್ಲಿ ಹೇಳಲು ಹೊರಟಿದ್ದೇನೆ. ಅವರು ಸಭೆಯ ಮುಂದೆ ನಿಂತ ಕೆಲವು ರಾತ್ರಿಗಳ ಬಗ್ಗೆಯೇ ಹೆಚ್ಚು ಹೇಳುವೆನು. ಉಳಿದುದನ್ನು ಬೇಗ ದಾಟಿಬಿಡುತ್ತೇನೆ.

ಅವರ ಕಚೇರಿಯನ್ನು ನಾನು ಕಣ್ಣಾರೆ ಕಂಡವನಲ್ಲ. ನನಗೆ ಅವರ ಪರಿಚಯವಾದುದು ಧ್ವನಿಮುದ್ರಿಕೆಯ ಮೂಲಕ, ಅದರಲ್ಲಿಯೂ ೧೯೬೨ರ ಅಕ್ಟೋಬರ್ ೨೪ರಂದು ನ್ಯೂಯಾರ್ಕ್ ನಗರದ ಹಾರ್ಲೆಮ್ ಭಾಗದಲ್ಲಿರುವ ಅಪೊಲೊ ನಾಟಕಶಾಲೆಯಲ್ಲಿ ಮುದ್ರಿಸಿಕೊಂಡ ಒಂದು ಮುದ್ರಿಕೆಯ ಮೂಲಕ. ಅರ್ಧ ಗಂಟೆಗಿಂತ ಸ್ವಲ್ಪವೇ ಹೆಚ್ಚು ಕಾಲ ನಡೆಯುವ ಆ ಮುದ್ರಿಕೆಯಲ್ಲಿ ಹಾಡುವವರ ದನಿಯಷ್ಟೇ ಸ್ಪಷ್ಟವಾಗಿ ಕೇಳುವವರ ದನಿಯೂ ಇದೆ. ಹತ್ತಾರು ಬಾರಿ ಕೇಳಿದ ಮೇಲೆ ಆ ಸಭಿಕರಲ್ಲಿ ಕೆಲವರನ್ನು ನಾನು ದನಿಯಿಂದಲೇ ಗುರುತು ಹಿಡಿಯಬಲ್ಲೆ. ಯಾವ ಸಾಲಿನ ಬಳಿಕ ಯಾವ ಹೆಂಗಸು ಕಿರಿಚುವಳೆಂದು ಮೊದಲೇ ಬಲ್ಲೆ. ಆ ಕ್ಷಣಕ್ಕಾಗಿ ಕಾದು ಕುಳಿತಿರುತ್ತೇನೆ. ಅವರ ಹೆಸರು ಯಾರಿಗೂ ತಿಳಿಯದು. ಅಂದು ಟಿಕೆಟ್ಟು ಕೊಂಡು ಒಳಗೆ ಬಂದ ಆ ಜನರ ನಡುವೆ ಒಂದು ಆಸನ ನನಗೂ ದೊರೆತಂತಾಗಿದೆ.

ಹುಡುಗ ಹುಟ್ಟಿದ್ದು ೧೯೩೩ರ ಮೇ ೩ರಂದು, ದಕ್ಷಿಣ ಕೆರೊಲೈನಾದ ಬಾರ್ನ್‌ವೆಲ್ ಎಂಬಲ್ಲಿ, ಪೈನ್ ಮರಗಳ ಕಾಡಿನೊಳಗಣ ಒಂದೇ ಕೋಣೆಯ ಹಲಗೆ ಮನೆಯಲ್ಲಿ. ಹುಟ್ಟಿದ ಮಗು ಉಸಿರಾಡಲಿಲ್ಲವೆಂದೂ, ಬಂಧುವೊಬ್ಬಳು ಬಿಡದೆ ಉಸಿರೂದಿ ಬದುಕಿಸಿದಳೆಂದೂ ಮುಂದೆ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ತಂದೆ ಪೈನ್ ಮರಗಳಿಂದ ಅಂಟು ಇಳಿಸುವ ಕೂಲಿ. ನಾಲ್ಕು ವರ್ಷವಾಗುವಷ್ಟರಲ್ಲಿ ತಾಯಿ ಮನೆ ಬಿಟ್ಟು ಹೋದಳು. ಕೆಲವು ಕಾಲದ ಮೇಲೆ ತಂದೆ ಮಗನನ್ನು ಜಾರ್ಜಿಯಾ ಪ್ರಾಂತದ ಆಗಸ್ಟಾ ನಗರಕ್ಕೆ ಕರೆತಂದು ಬಂಧುವಾದ ಒಬ್ಬ ಹೆಂಗಸಿನ ಮನೆಯಲ್ಲಿ ಬಿಟ್ಟ. ಅದು ಜೂಜು, ಕಳ್ಳಭಟ್ಟಿ, ವೇಶ್ಯಾವೃತ್ತಿ ಮೂರೂ ನಡೆಯುತ್ತಿದ್ದ ಮನೆ. ಹುಡುಗ ಬೀದಿಯಲ್ಲಿ ಬೂಟು ಪಾಲಿಷು ಮಾಡಿದ, ಹತ್ತಿ ಬಿಡಿಸಿದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮನೆಯ ಬಳಿಯ ಕಾಲುವೆಯ ಸೇತುವೆ ದಾಟಿ ಸೈನಿಕರ ಲಾರಿಗಳು ಹೋಗುತ್ತಿದ್ದುವು. ಆ ಲಾರಿಗಳ ಮುಂದೆ ಕುಣಿದು ಸೈನಿಕರು ಎಸೆದ ಕಾಸನ್ನು ಆಯ್ದುಕೊಂಡು ಮನೆಗೆ ತರುತ್ತಿದ್ದ. ಅವನ ಮೊದಲ ಸಭೆ ಅದು. ಮೈಮೇಲೆ ತಕ್ಕ ಬಟ್ಟೆಯಿಲ್ಲವೆಂದು ಶಾಲೆಯಿಂದ ಅವನನ್ನು ಮನೆಗೆ ಅಟ್ಟಿದ್ದುಂಟು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಅವರ ಮರಣಶಾಸನದ ಮಾತು ಬಂದಾಗ ಇದು ಬೇಕಾಗುತ್ತದೆ.

೧೯೪೯ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಕಾರುಗಳಿಂದ ಸಾಮಾನು ಕದ್ದನೆಂದು ಅವನಿಗೆ ೮ರಿಂದ ೧೬ ವರ್ಷಗಳ ಶಿಕ್ಷೆಯಾಯಿತು. ಅಪರಾಧಕ್ಕೂ ಶಿಕ್ಷೆಗೂ ಇದ್ದ ಅಂತರವನ್ನು ಕಂಡರೆ ಅಂದಿನ ದಕ್ಷಿಣದ ನ್ಯಾಯಸ್ಥಾನಗಳಲ್ಲಿ ಕರಿಯ ಹುಡುಗನ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಟೊಕೊವಾ ಎಂಬ ಊರಿನ ಬಾಲಾಪರಾಧಿಗಳ ಸೆರೆಮನೆಯಲ್ಲಿದ್ದಾಗ ಬಾಬಿ ಬರ್ಡ್ ಎಂಬ ತರುಣ ಗಾಯಕನ ಪರಿಚಯವಾಯಿತು. ಬರ್ಡ್ ಮನೆಯವರು ಹೊಣೆ ನಿಂತುದರಿಂದ ೧೯೫೨ರಲ್ಲಿ ಬಿಡುಗಡೆ ದೊರಕಿತು. ಆಗಸ್ಟಾಕ್ಕೆ ಹಿಂದಿರುಗಕೂಡದೆಂಬ ನಿರ್ಬಂಧವಿದ್ದುದರಿಂದ ಟೊಕೊವಾದಲ್ಲಿಯೇ ನಿಂತು, ಬರ್ಡ್ ಕಟ್ಟಿದ್ದ ಗಾಯಕವೃಂದವನ್ನು ಸೇರಿಕೊಂಡನು. ಮುಂದೆ ಅದಕ್ಕೆ ಫೇಮಸ್ ಫ್ಲೇಮ್ಸ್ ಎಂಬ ಹೆಸರಾಯಿತು.

ಇಲ್ಲಿಯವರೆಗೆ ಏಕವಚನದಲ್ಲಿ ಬರೆದೆ. ನಮ್ಮ ಭಾಷೆಯಲ್ಲಿ ದೊಡ್ಡ ಕಲಾವಿದರನ್ನು ಸಲಿಗೆಯಿಂದ ಏಕವಚನದಲ್ಲಿ ಕರೆಯುವ ವಾಡಿಕೆಯಿದೆ. ಅದರಲ್ಲಿ ಪ್ರೀತಿಯಿದೆಯೇ ಹೊರತು ಅಗೌರವವಿಲ್ಲ. ಆದರೆ ಈ ಮನುಷ್ಯರ ವಿಷಯದಲ್ಲಿ ನನಗೆ ಹಾಗೆ ಬರೆಯಲು ಮನಸ್ಸಾಗುವುದಿಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿ ಬಿಳಿಯರು ತಲೆ ನೆರೆತ ಕರಿಯನನ್ನೂ ಹುಡುಗ ಎಂದೇ ಕೂಗುತ್ತಿದ್ದ ಕಾಲವದು. ಬ್ರೌನರು ತಮ್ಮ ಮೇಳದಲ್ಲಿ ಪ್ರತಿಯೊಬ್ಬರೂ ತಮ್ಮನ್ನು ಮಿಸ್ಟರ್ ಬ್ರೌನ್ ಎಂದೇ ಕರೆಯಬೇಕೆಂದು ವಿಧಿಸಿದ್ದರು. ಅವರೂ ಇತರರನ್ನು ಹಾಗೆಯೇ ಮರ್ಯಾದೆಯಿಂದ ಕರೆಯುತ್ತಿದ್ದರು. ಆದಕಾರಣ ಮುಂದಿನ ಮಾತುಗಳಲ್ಲಿ ಬಹುವಚನವನ್ನೇ ಬಳಸುತ್ತೇನೆ.

೧೯೫೬ರ ಫೆಬ್ರವರಿಯಲ್ಲಿ ಸಿನ್ಸಿನಾಟಿ ನಗರದ ಕಿಂಗ್ ಮುದ್ರಿಕಾ ಸಂಸ್ಥೆಯಲ್ಲಿ ಅವರ ಮೊದಲ ಹಾಡು ಮುದ್ರಣವಾಯಿತು. ಪ್ಲೀಸ್ ಪ್ಲೀಸ್ ಪ್ಲೀಸ್ ಎಂಬ ಆ ಹಾಡು ಒಂದೇ ಬೇಡಿಕೆಯ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಸಂಸ್ಥೆಯ ಒಡೆಯ ಸಿಡ್ ನೇಥನ್ ಅದನ್ನು ಕೇಳಿ ಸಿಡಿಮಿಡಿಗೊಂಡರಂತೆ. ಆದರೂ ಹಾಡು ಹೊರಬಂದಿತು. ಕಾಲಕ್ರಮದಲ್ಲಿ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಆ ಬಳಿಕ ಎರಡು ವರ್ಷ ಹೊರಬಂದ ಹಾಡುಗಳೆಲ್ಲ ಒಂದಾದ ಮೇಲೊಂದು ಬಿದ್ದುಹೋದುವು. ಆ ಎರಡು ವರ್ಷಗಳಲ್ಲಿ ಅವರನ್ನು ಬದುಕಿಸಿದ್ದು ಮುದ್ರಿಕೆಗಳಲ್ಲ, ಕಚೇರಿಗಳು. ಕರಿಯರಿಗಾಗಿಯೇ ಇದ್ದ ನಾಟಕಶಾಲೆಗಳಲ್ಲಿ, ಕುಣಿತದ ಮನೆಗಳಲ್ಲಿ, ಹೊಗೆಸೊಪ್ಪಿನ ಉಗ್ರಾಣಗಳಲ್ಲಿ ಹಾಡುತ್ತ, ಮೇಳದವರು ಊರಿಂದೂರಿಗೆ ಮೋಟಾರಿನಲ್ಲಿ ಅಲೆಯುತ್ತಿದ್ದರು. ಬಿಳಿಯರ ಹೋಟೆಲುಗಳಲ್ಲಿ ಮಲಗಲು ಎಡೆಯಿಲ್ಲ, ದಾರಿಯ ಊಟದ ಮನೆಗಳಲ್ಲಿ ಪ್ರವೇಶವಿಲ್ಲ. ಸಭೆಯನ್ನು ಗೆದ್ದರೆ ನಾಳೆಯ ಪೆಟ್ರೋಲಿಗೆ ಹಣ, ಇಲ್ಲವಾದರೆ ಇಲ್ಲ. ಸಭಿಕರ ಮನಸ್ಸನ್ನು ಇಷ್ಟು ಸೂಕ್ಷ್ಮವಾಗಿ ಅರಿಯುವ ಶಕ್ತಿ ಅವರಿಗೆ ಎಲ್ಲಿಂದ ಬಂದಿತೆಂದು ಕೇಳಿದರೆ ನಾನು ಈ ರಸ್ತೆಗಳನ್ನೇ ತೋರಿಸುತ್ತೇನೆ.

ಅವರ ಕಚೇರಿಯನ್ನು ಕಂಡವರೆಲ್ಲರೂ ಹೇಳುವ ಒಂದು ಪ್ರಸಂಗವಿದೆ. ಮೊದಲ ಹಾಡಾದ ಆ ಬೇಡಿಕೆಯ ಹಾಡಿನ ನಡುವೆ ಬ್ರೌನರು ತಾಳಲಾರದವರಂತೆ ಮೊಣಕಾಲೂರಿ ಕುಸಿಯುವರು. ನಿರೂಪಕ ಓಡಿಬಂದು ಹೆಗಲಿಗೆ ಒಂದು ನಿಲುವಂಗಿಯನ್ನು ಹೊದಿಸಿ, ಬೆನ್ನು ಸವರಿ, ಎಬ್ಬಿಸಿ ಒಳಕ್ಕೆ ಕರೆದೊಯ್ಯುವನು. ನಾಲ್ಕು ಹೆಜ್ಜೆ ನಡೆದವರೇ ಬ್ರೌನರು ಹೊದಿಕೆಯನ್ನು ಕೊಡವಿ ಎಸೆದು ಧ್ವನಿವರ್ಧಕದ ಬಳಿಗೆ ಮರಳಿ ಬಂದು ಮತ್ತೆ ಕುಸಿಯುವರು. ಇದು ಎರಡು, ಮೂರು, ನಾಲ್ಕು ಬಾರಿ ನಡೆಯುವುದು. ಗಾರ್ಜಿಯಸ್ ಜಾರ್ಜ್ ಎಂಬ ಕುಸ್ತಿಪಟುವಿನ ಮೇಲುವಸ್ತ್ರವನ್ನು ಟೆಲಿವಿಷನ್ನಿನಲ್ಲಿ ನೋಡಿ ಹೊಳೆದ ಉಪಾಯವಿದು. ನಾಟಕವೆಂದು ಸಭಿಕರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರೂ ಪ್ರತಿ ಸಲವೂ ಅವರು ಹೋಗಬೇಡವೆಂದು ಗೋಳಿಡುತ್ತಿದ್ದರು. ಮೂರನೆಯ ಜಾವದಲ್ಲಿ ಬಯಲಾಟದ ವೇಷ ಬೀಳುವುದನ್ನು ನೋಡಿ ಕಣ್ಣೊರೆಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಭೆಯಲ್ಲಿ ನಡೆಯುವ ಇದೆಲ್ಲ ಮುದ್ರಣಾಲಯದ ಮುಚ್ಚಿದ ಕೋಣೆಯಲ್ಲಿ ಸೋರಿಹೋಗುತ್ತಿತ್ತು. ಆದ್ದರಿಂದ ಸಭಿಕರ ಸಮೇತವಾಗಿ ಕಚೇರಿಯನ್ನೇ ಮುದ್ರಿಸಬೇಕೆಂದು ಬ್ರೌನರು ೧೯೬೨ರಲ್ಲಿ ನೇಥನ್‌ರನ್ನು ಕೇಳಿದರು. ಹಾಡುಗಳು ಹಳೆಯವು, ಬಿಡಿಬಿಡಿಯಾಗಿ ಮಾರಿದವು. ಜನರ ಕೂಗಾಟವನ್ನು ಸೇರಿಸಿದರೆ ಯಾರು ಕೊಳ್ಳುತ್ತಾರೆಂಬುದು ನೇಥನ್‌ರ ವಾದ. ವ್ಯಾಪಾರಿಯ ಲೆಕ್ಕಕ್ಕೆ ಅದು ಅಸಮಂಜಸವಾಗಿರಲಿಲ್ಲ. ಬ್ರೌನರು ತಮ್ಮ ಕೈಯಿಂದ ಸುಮಾರು ೫,೭೦೦ ಡಾಲರುಗಳನ್ನು ಹಾಕಿ ಮುದ್ರಣದ ಏರ್ಪಾಡು ಮಾಡಿಕೊಂಡರು. ಆ ಕಾಲಕ್ಕೆ ಅದು ಸಣ್ಣ ಹಣವಲ್ಲ. ಅಪೊಲೊ ೧೯೩೪ರಲ್ಲಿ ಕರಿಯ ಪ್ರೇಕ್ಷಕರಿಗೆ ಬಾಗಿಲು ತೆರೆದ ನಾಟಕಶಾಲೆ. ಸುಮಾರು ಸಾವಿರದ ಐನೂರು ಆಸನಗಳುಳ್ಳದ್ದು. ಅಲ್ಲಿನ ಬುಧವಾರದ ರಾತ್ರಿ ಹೊಸಬರ ಪರೀಕ್ಷೆಯ ರಾತ್ರಿ. ಹಾಡುವವರು ಚೆನ್ನಾಗಿಲ್ಲವೆಂದು ಕಂಡರೆ ಸಭಿಕರು ಕೂಗಿ ಇಳಿಸಿಬಿಡುತ್ತಿದ್ದರು. ಇಂಥ ನಿರ್ದಯ ಸಭೆಯೇ ತಮಗೆ ಬೇಕೆಂದು ಬ್ರೌನರು ಬುಧವಾರವನ್ನೇ ಆರಿಸಿಕೊಂಡರು. ಅದೇ ವಾರ ಕ್ಯೂಬಾದಲ್ಲಿಟ್ಟ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕಕ್ಕೂ ರಷ್ಯಕ್ಕೂ ಯುದ್ಧ ಬೀಳುವುದೋ ಎಂದು ಲೋಕವೆಲ್ಲ ಉಸಿರು ಬಿಗಿಹಿಡಿದಿತ್ತು. ಅಣುಬಾಂಬಿನ ಮಾತು ಎಲ್ಲರ ಬಾಯಲ್ಲೂ ಇದ್ದ ರಾತ್ರಿ ಹಾರ್ಲೆಮ್ಮಿನ ಜನ ಸಾಲುಗಟ್ಟಿ ಬಂದು ಆ ಆಸನಗಳನ್ನು ತುಂಬಿದರು.

ಆ ಮುದ್ರಿಕೆಯಲ್ಲಿ ಲಾಸ್ಟ್ ಸಮ್‌ಒನ್ ಎಂಬ ವಿಲಂಬದ ಹಾಡೊಂದು ಹತ್ತು ನಿಮಿಷಕ್ಕೂ ಹೆಚ್ಚು ನಡೆಯುತ್ತದೆ. ಅದೇ ಆ ರಾತ್ರಿಯ ಹೃದಯ. ತುತ್ತೂರಿಗಳು ಒಂದೇ ಪುಟ್ಟ ಸ್ವರಗುಚ್ಛವನ್ನು ಉಸಿರಾಟದಂತೆ ಮತ್ತೆ ಮತ್ತೆ ನುಡಿಸುತ್ತಿರುತ್ತವೆ. ಮೇಳ ಅಷ್ಟಕ್ಕೇ ನಿಲ್ಲುತ್ತದೆ. ಅದರ ಮೇಲೆ ಬ್ರೌನರು ದನಿಯನ್ನು ತಗ್ಗಿಸಿ ತಗ್ಗಿಸಿ ಪಿಸುಮಾತಿಗೆ ತರುತ್ತಾರೆ. ಸಾವಿರ ಜನರಿರುವ ಸಭೆಯಲ್ಲಿ ಒಬ್ಬೊಬ್ಬರ ಕೆಮ್ಮೂ ಕೇಳಿಸುವಷ್ಟು ಮೌನ. ಒಂದು ಕಿರಿಚು ಏಳುತ್ತದೆ. ಅವರು ಅದಕ್ಕೆ ಉತ್ತರ ಕೊಡುತ್ತಾರೆ. ಇನ್ನೊಂದು ಮೂಲೆಯಿಂದ ಇನ್ನೊಬ್ಬಳು. ಎಷ್ಟು ಸಾಲದೆಂದು ಅವರು ಕೇಳಿದಂತೆ ಸಭೆ ಇನ್ನಷ್ಟು ಕೊಡುತ್ತದೆ. ಯಾರೋ ಮಿತಿಮೀರಿ ಕಿರಿಚಿದಾಗ ಉಳಿದವರೆಲ್ಲ ಗೊಳ್ಳೆಂದು ನಗುತ್ತಾರೆ. ಆ ನಗು ಆರುವ ಮೊದಲೇ ಅವರು ಮತ್ತೆ ದುಃಖಕ್ಕೆ ಎಳೆದೊಯ್ಯುತ್ತಾರೆ. ವಿರಹದ ಹಾಡು ಎಲ್ಲಿ ಮುಗಿಯಿತು, ದೇವಾಲಯದ ಪ್ರಾರ್ಥನೆಯಂಥದು ಎಲ್ಲಿ ಮೊದಲಾಯಿತು, ನಾನು ಹೇಳಲಾರೆ. ಕರಿಯರ ಚರ್ಚುಗಳಲ್ಲಿ ಬೋಧಕನ ಮಾತಿಗೆ ಸಭೆ ಕೂಗಿ ಒಪ್ಪಿಗೆ ಕೊಡುವ ಪದ್ಧತಿಯಿದೆ; ಬ್ರೌನರು ಬಾಲ್ಯದಲ್ಲಿ ಅದನ್ನು ನೋಡಿ ಬೆಳೆದವರು. ಅಂದು ಮುಂದಿನ ಸಾಲಿನಲ್ಲಿ ಕುಳಿತ ಒಬ್ಬ ಮುದುಕಿ ಮುದ್ರಣ ಯಂತ್ರದ ಧ್ವನಿಗ್ರಾಹಕದ ಕೆಳಗೇ ಎಗ್ಗಿಲ್ಲದ ಬೈಗುಳದ ಭಾಷೆಯಲ್ಲಿ ತನ್ನ ಮೆಚ್ಚುಗೆಯನ್ನು ಹೇಳುತ್ತಿದ್ದಳೆಂದೂ, ಅದರಿಂದ ಮುದ್ರಣಕಾರರು ಕಂಗಾಲಾದರೆಂದೂ ಬ್ರೌನರು ಆತ್ಮಕಥೆಯಲ್ಲಿ ವಿನೋದವಾಗಿ ಬಣ್ಣಿಸಿದ್ದಾರೆ.

ಮುದ್ರಿಕೆ ೧೯೬೩ರ ಮೇ ತಿಂಗಳಲ್ಲಿ ಹೊರಬಂದಿತು. ಆ ದೀರ್ಘವಾದ ಹಾಡು ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯದೆ ನಡುವೆ ತುಂಡಾಗಿ ಇನ್ನೊಂದು ಮಗ್ಗುಲಲ್ಲಿ ಮುಂದುವರಿಯಬೇಕಾಯಿತು. ರೇಡಿಯೋ ನಿಲಯಗಳು ಬಿಡಿ ಹಾಡನ್ನು ಆರಿಸದೆ ಇಡೀ ಮಗ್ಗುಲನ್ನೇ ಬಿತ್ತರಿಸಿ, ತಟ್ಟೆ ಮಗುಚುವ ಹೊತ್ತಿನಲ್ಲಿ ಜಾಹೀರಾತು ಹಾಕಿಕೊಂಡುವು. ದೇಶದ ಮಾರಾಟದ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೇರಿ ೬೬ ವಾರ ಪಟ್ಟಿಯಲ್ಲಿ ನಿಂತಿತು. ಯಾರೂ ಕೊಳ್ಳುವುದಿಲ್ಲವೆಂದಿದ್ದ ಕೂಗಾಟವನ್ನು ಜನ ಹಣ ಕೊಟ್ಟು ಮನೆಗೆ ಒಯ್ದರು. ೨೦೦೪ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ಕಾಪಿಡಬೇಕಾದ ಧ್ವನಿಮುದ್ರಿಕೆಗಳ ಸಾಲಿಗೆ ಅದನ್ನು ಸೇರಿಸಿತು.

ಇದು ಇನ್ನೂ ಫಂಕ್ ಅಲ್ಲ. ಅದಕ್ಕೆ ಇನ್ನು ಎರಡು ಮೂರು ವರ್ಷ ಬೇಕಾಯಿತು. ೧೯೬೫ರ ಫೆಬ್ರವರಿಯಲ್ಲಿ ಕಚೇರಿಗೆ ಹೋಗುವ ದಾರಿಯಲ್ಲಿ ಶಾರ್ಲಟ್ ಎಂಬ ಊರಿನಲ್ಲಿ ಬಸ್ಸು ನಿಲ್ಲಿಸಿ ಒಂದು ಗಂಟೆಯೊಳಗೆ ಮುದ್ರಿಸಿದ ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್ ಎಂಬ ಹಾಡಿನಲ್ಲಿಯೂ, ೧೯೬೭ರ ಕೋಲ್ಡ್ ಸ್ವೆಟ್ ಎಂಬ ಹಾಡಿನಲ್ಲಿಯೂ ಹೊಸದೊಂದು ಹುಟ್ಟಿತು. ಅದನ್ನು ಸ್ವಲ್ಪ ವಿವರಿಸಬೇಕು. ಅಲ್ಲಿಯವರೆಗಿನ ಕರಿಯರ ಜನಪ್ರಿಯ ಸಂಗೀತದಲ್ಲಿ ನಾಲ್ಕು ಎಣಿಕೆಯ ಆವರ್ತದಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು. ಬ್ರೌನರು ಒತ್ತನ್ನು ಮೊದಲನೆಯ ಪೆಟ್ಟಿಗೆ ತಂದರು. ಅದನ್ನು ಅವರು ಸುಮ್ಮನೆ ಒಂದು ಎಂದೇ ಕರೆಯುತ್ತಿದ್ದರು. ಆ ಒಂದರಲ್ಲಿ ಮೇಳವೆಲ್ಲ ಒಟ್ಟಿಗೆ ಬಂದು ಇಳಿಯಬೇಕು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ದಾರಿ ಹಿಡಿದು, ಬಿಟ್ಟ ಜಾಗಗಳನ್ನು ತುಂಬುತ್ತ, ಮುಂದಿನ ಒಂದಕ್ಕೆ ತಪ್ಪದೆ ಬಂದು ಸೇರಬೇಕು. ಗಿಟಾರು, ತುತ್ತೂರಿ, ಹಾಡುವ ಕೊರಳು ಎಲ್ಲವೂ ಡ್ರಮ್ಮಿನಂತೆ ವರ್ತಿಸುತ್ತವೆ. ಸ್ವರಮೇಳದ ಬದಲಾವಣೆ ಬಹುಮಟ್ಟಿಗೆ ಇಲ್ಲವೇ ಇಲ್ಲ. ಫಂಕ್ ಎಂಬ ಮಾತಿಗೆ ಮೊದಲಿದ್ದ ಅರ್ಥ ಮೈಯ ಕಟುವಾಸನೆ, ಬೆವರಿನ ನಾತ. ದುಡಿಯುವ ಮೈಗೆ ಅಂಟಿದ ಆ ಹೀಯಾಳಿಕೆಯನ್ನು ಜನ ಹೆಮ್ಮೆಯ ಹೆಸರಾಗಿ ತಿರುಗಿಸಿಕೊಂಡರು.

ಒಮ್ಮೆ ಕಾಲೇಜಿನ ಕೆಲವು ವಿದ್ಯಾರ್ಥಿಗಳಿಗೆ ಈ ಹಾಡುಗಳನ್ನು ಕೇಳಿಸಿದ್ದೆ. ಮೊದಲು ಎಲ್ಲರೂ ಮುಗುಳ್ನಗುತ್ತ ಕುಳಿತಿದ್ದರು. ಮೃದಂಗ ಕಲಿಯುತ್ತಿದ್ದ ಹುಡುಗನೊಬ್ಬ ಮಾತ್ರ ಯಾರಿಗೂ ಕಾಣದಂತೆ ತೊಡೆಯ ಮೇಲೆ ತಾಳ ಹಾಕತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಅವನ ಕೈ ಸಮಕ್ಕೆ ಬಂದು ಬಿದ್ದ ಕ್ಷಣ ತಲೆಯೂ ತಾನಾಗಿ ಆಡಿತು. ತುತ್ತೂರಿಗಳು ಮುಂದಿನ ಬಾರಿ ಎಲ್ಲಿ ಬರುತ್ತವೆಂದು ಅವನು ಪಕ್ಕದವನಿಗೆ ಬೆರಳೆತ್ತಿ ತೋರಿಸಿದ; ಅಲ್ಲಿಯೇ ಬಂದುವು. ಅಂದು ನಾನು ಮಾಡಬೇಕೆಂದಿದ್ದ ಉಪನ್ಯಾಸ ಅಲ್ಲಿಗೆ ಅನಾವಶ್ಯಕವಾಯಿತು.

ಆ ಒಂದಕ್ಕೆ ಎಲ್ಲರೂ ತಪ್ಪದೆ ಬರುವಂತೆ ಮಾಡಲು ಬ್ರೌನರು ಹಿಡಿದ ಮಾರ್ಗ ಕಠಿನವಾದುದು. ಸ್ವರ ತಪ್ಪಿದರೆ ದಂಡ, ಹೊತ್ತಿಗೆ ಬಾರದಿದ್ದರೆ ದಂಡ, ಬೂಟು ಮಿನುಗದಿದ್ದರೆ ದಂಡ. ಸಭೆಯ ಮುಂದೆ ಕುಣಿಯುತ್ತಿರುವಾಗಲೇ ಬೆನ್ನ ಹಿಂದೆ ಬೆರಳುಗಳನ್ನು ಬಿಚ್ಚಿ ಮುಚ್ಚಿ ಯಾರಿಗೆ ಎಷ್ಟು ದಂಡವೆಂದು ಸೂಚಿಸುತ್ತಿದ್ದರು; ಪ್ರೇಕ್ಷಕರು ಅದನ್ನೂ ನೃತ್ಯದ ಮುದ್ರೆಯೆಂದೇ ತಿಳಿದು ಚಪ್ಪಾಳೆ ತಟ್ಟುತ್ತಿದ್ದರು. ಈ ಸಂಗತಿ ನನ್ನನ್ನು ಬಹಳ ಕಾಡಿದೆ. ಸಭಿಕನಿಗೆ ಆ ರಾತ್ರಿ ಸಿಕ್ಕುವುದು ಮೈ ಹಗುರವಾಗುವ ಬಿಡುಗಡೆ. ಹತ್ತು ಮಾರು ದೂರದಲ್ಲಿ ನಿಂತು ನುಡಿಸುವವನಿಗೆ ಸಿಕ್ಕುವುದು ಭಯ. ಒಂದು ಇನ್ನೊಂದರ ಫಲವೇ ಎಂದು ಕೇಳಿಕೊಂಡಾಗಲೆಲ್ಲ ನನಗೆ ಅಹುದೆನ್ನುವ ಧೈರ್ಯವೂ ಇಲ್ಲ, ಅಲ್ಲವೆನ್ನುವ ಧೈರ್ಯವೂ ಇಲ್ಲ.

ಇನ್ನು ಬಾಸ್ಟನ್ ನಗರದ ರಾತ್ರಿ. ೧೯೬೮ರ ಏಪ್ರಿಲ್ ೪ರ ಸಂಜೆ ಮೆಂಫಿಸ್ಸಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಯಿತು. ಅಂದಿನಿಂದ ಮೊದಲ್ಗೊಂಡು ಕೆಲವು ದಿನಗಳಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ಊರುಗಳಲ್ಲಿ ದಂಗೆಗಳೆದ್ದುವು. ಮರುದಿನವೇ, ಏಪ್ರಿಲ್ ೫ರಂದು, ಬಾಸ್ಟನ್ ಗಾರ್ಡನ್ ಎಂಬ ದೊಡ್ಡ ಕ್ರೀಡಾಮಂದಿರದಲ್ಲಿ ಬ್ರೌನರ ಕಚೇರಿ ಮೊದಲೇ ಗೊತ್ತಾಗಿತ್ತು. ಹದಿನಾಲ್ಕು ಸಾವಿರದಷ್ಟು ಜನ ಹಿಡಿಸುವ ಸ್ಥಳ. ನಗರದ ಅಧಿಕಾರಿಗಳಿಗೆ ಮೊದಲು ಹೊಳೆದದ್ದು ರದ್ದು ಮಾಡುವ ಉಪಾಯ. ನಗರಸಭೆಯ ಏಕಮಾತ್ರ ಕರಿಯ ಸದಸ್ಯರಾಗಿದ್ದ ಟಾಮ್ ಆಟ್ಕಿನ್ಸ್ ಅದನ್ನು ತಡೆದರು. ಟಿಕೆಟ್ಟು ಕೊಂಡ ಸಾವಿರಾರು ಕರಿಯ ತರುಣರು ದುಃಖವನ್ನೂ ಕೋಪವನ್ನೂ ಹೊತ್ತು ಊರ ನಡುವಣ ಮುಚ್ಚಿದ ಬಾಗಿಲಿನ ಮುಂದೆ ಬಂದು ನಿಂತರೆ ಆಗುವುದೇನೆಂದು ಅವರು ಕೇಳಿದರು. ಮೇಯರ್ ಕೆವಿನ್ ವೈಟ್ ಆಗ ಅಧಿಕಾರಕ್ಕೆ ಬಂದು ಮೂರು ತಿಂಗಳಾಗಿತ್ತು. ಕೊನೆಗೆ ಕಚೇರಿಯನ್ನು ನಡೆಸುವುದೆಂದೂ, ಊರಿನ ಸಾರ್ವಜನಿಕ ಟೆಲಿವಿಷನ್ ನಿಲಯದಿಂದ ಅದನ್ನು ಆ ಕ್ಷಣದಲ್ಲೇ ಬಿತ್ತರಿಸಿ ಜನ ಮನೆಯಲ್ಲೇ ಉಳಿಯುವಂತೆ ಮಾಡುವುದೆಂದೂ ತೀರ್ಮಾನವಾಯಿತು.

ಇದರಲ್ಲಿ ಒಂದು ತೊಡಕು. ಮನೆಯಲ್ಲಿ ಪುಕ್ಕಟೆ ನೋಡುವುದಾದರೆ ಟಿಕೆಟ್ಟಿಗೆ ಹಣವೇಕೆಂದು ಜನ ಸಾಲುಗಟ್ಟಿ ಟಿಕೆಟ್ಟು ಹಿಂದಿರುಗಿಸತೊಡಗಿದರು. ಬ್ರೌನರು ತಮ್ಮ ನಷ್ಟ ತುಂಬಿಕೊಡಲು ಅರವತ್ತು ಸಾವಿರ ಡಾಲರು ಕೇಳಿದರು, ಅಧಿಕಾರಿಗಳು ಒಪ್ಪಿದರು. ಆ ಹಣ ಪೂರ್ತಿಯಾಗಿ ಸಂದಾಯವಾಗಲಿಲ್ಲವೆಂಬ ವಿವಾದ ಆಮೇಲೆ ಬಹುಕಾಲ ಉಳಿಯಿತು. ಅಂಥ ದಿನ ಹಣದ ಮಾತೇ ಎಂದು ಮೂಗೆಳೆದವರಿದ್ದಾರೆ. ಮೇಳದವರ ಸಂಬಳ, ಬಸ್ಸಿನ ಖರ್ಚು, ಹಿಂದಿನ ಹತ್ತು ವರ್ಷಗಳ ರಸ್ತೆ ಇವನ್ನೆಲ್ಲ ಬಲ್ಲವರಿಗೆ ಆ ಮೂಗೆಳೆತ ಹಿಡಿಸದು.

ಅಂದು ಒಳಗೆ ಬಂದವರು ಸುಮಾರು ಎರಡು ಸಾವಿರ ಮಂದಿ. ಹದಿನಾಲ್ಕು ಸಾವಿರದ ಮಂದಿರದಲ್ಲಿ ಎರಡು ಸಾವಿರವೆಂದರೆ ಎಲ್ಲಿ ನೋಡಿದರೂ ಬರಿದಾದ ಕುರ್ಚಿಗಳು. ಆ ರಾತ್ರಿಯ ಚಿತ್ರ ಉಳಿದುಬಂದಿದೆ, ನಾನು ನೋಡಿದ್ದೇನೆ. ಮೇಯರು ವೇದಿಕೆಯ ಮೇಲೆ ಹಿಂಜರಿಯುತ್ತ ಎರಡು ಮಾತಾಡುತ್ತಾರೆ. ಬ್ರೌನರು ಅವರನ್ನು ತಮ್ಮವರೆಂಬಂತೆ ಜನರಿಗೆ ಪರಿಚಯ ಮಾಡಿಕೊಡುತ್ತಾರೆ. ಆ ಮೇಲೆ ಕಚೇರಿ. ಎಂದಿನ ಹಾಡು, ಎಂದಿನ ಕುಣಿತ, ಎಂದಿನ ಹೊದಿಕೆ, ಒಂದೂ ಕಡಿಮೆಯಿಲ್ಲ. ಕಿಂಗರ ಹೆಸರನ್ನು ನಡುನಡುವೆ ಎತ್ತುತ್ತಾರೆ, ಆದರೆ ಶೋಕಸಭೆಯಾಗಲು ಬಿಡುವುದಿಲ್ಲ. ಕೊನೆಯ ಭಾಗದಲ್ಲಿ ಒಬ್ಬ ಹುಡುಗ ಅವರ ಕೈ ಮುಟ್ಟಲು ವೇದಿಕೆಗೆ ಹಾರುತ್ತಾನೆ. ಇನ್ನೊಬ್ಬ, ಮತ್ತೊಬ್ಬ. ಪೋಲೀಸನೊಬ್ಬ ಒಬ್ಬನನ್ನು ಹಿಂದಕ್ಕೆ ನೂಕುತ್ತಾನೆ. ಒಂದು ಕ್ಷಣ ಮಂದಿರದ ಗಾಳಿಯೇ ಬದಲಾದುದು ಚಿತ್ರದಲ್ಲಿ ಕೂಡ ತಿಳಿಯುತ್ತದೆ. ಬಿಳಿಯ ಪೋಲೀಸರ ಕೈ ಕರಿಯ ಹುಡುಗರ ಮೇಲೆ ಬಿದ್ದಿದೆ. ಟೆಲಿವಿಷನ್ನಿನಲ್ಲಿ ಊರೆಲ್ಲ ನೋಡುತ್ತಿದೆ.

ಬ್ರೌನರು ಮೇಳವನ್ನು ನಿಲ್ಲಿಸಿದರು. ಪೋಲೀಸರು ಹಿಂದಕ್ಕೆ ಸರಿಯಲಿ, ತಾವು ನೋಡಿಕೊಳ್ಳುವುದಾಗಿ ಹೇಳಿದರು. ಪೋಲೀಸರು ಸರಿದರು. ಹುಡುಗರು ಈಗ ವೇದಿಕೆಯನ್ನೇ ತುಂಬಿಬಿಟ್ಟರು. ಅವರು ಒಬ್ಬೊಬ್ಬರ ಕೈ ಕುಲುಕಿದರು. ಆ ಮೇಲೆ ಮನೆಯ ಹಿರಿಯನಂತೆ ಗದರಿಸಿದರು. ತಾವು ಕರಿಯರು, ಅವರೂ ಕರಿಯರು. ತಮಗೇ ಅವರು ಮರ್ಯಾದೆ ಕೊಡದಿದ್ದರೆ ತಾವು ಲೋಕದಿಂದ ಕೇಳುವುದೇನೆಂಬುದು ಆ ಗದರಿಕೆಯ ಭಾವ. ಹುಡುಗರು ಒಬ್ಬೊಬ್ಬರಾಗಿ ಇಳಿದರು. ಇಳಿದರೇ ಎಂದು ಬ್ರೌನರು ಒಮ್ಮೆ ನೋಡಿಕೊಂಡು ಮೇಳದ ಕಡೆಗೆ ತಿರುಗಿದರು, ಡ್ರಮ್ಮು ಮತ್ತೆ ಹೊಡೆಯಿತು. ಅದೇ ರಾತ್ರಿ ಟೆಲಿವಿಷನ್ ನಿಲಯವು ಇಡೀ ಕಚೇರಿಯನ್ನು ಇನ್ನೊಮ್ಮೆ ತೋರಿಸಿತು. ಬೇರೆ ನಗರಗಳು ಉರಿಯುತ್ತಿದ್ದಾಗ ಬಾಸ್ಟನ್ ಆ ರಾತ್ರಿ ಬಹುಮಟ್ಟಿಗೆ ಶಾಂತವಾಗಿತ್ತು. ಒಂದು ಕಚೇರಿಯಿಂದಲೇ ಊರು ಉಳಿಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆಟ್ಕಿನ್ಸರ ವಿವೇಕ, ಕರಿಯರ ಕೇರಿಗಳಲ್ಲಿ ನಡೆದಾಡಿ ಜನರನ್ನು ತಡೆದ ಹಲವರ ಶ್ರಮ ಅದರಲ್ಲಿ ಸೇರಿದೆ. ಆದರೂ ಆ ಹುಡುಗರು ವೇದಿಕೆಯಿಂದ ಇಳಿಯುವ ದೃಶ್ಯವನ್ನು ನೋಡುವಾಗ, ಅಪೊಲೊದಲ್ಲಿ ಪಿಸುಮಾತಿನಿಂದ ಸಾವಿರ ಜನರನ್ನು ಮೌನಕ್ಕೆ ಇಳಿಸಿದ ಅದೇ ವಿದ್ಯೆ ಇಲ್ಲಿ ಕೆಲಸಕ್ಕೆ ಬಂದಿತೆಂದು ನನಗನಿಸುತ್ತದೆ.

ಅದೇ ವರ್ಷ ಅವರು ವಿಯೆಟ್ನಾಮಿಗೆ ಹೋಗಿ ಅಮೆರಿಕದ ಸೈನಿಕರ ಮುಂದೆ ಹಾಡಿದರು. ಹಿಂದಿರುಗಿ ಕರಿಯರ ಸ್ವಾಭಿಮಾನವನ್ನು ಸಾರುವ ಹಾಡನ್ನು ಮಕ್ಕಳ ಗುಂಪಿನೊಡನೆ ಮುದ್ರಿಸಿದರು. ೧೯೭೨ರಲ್ಲಿ ನಿಕ್ಸನ್ನರನ್ನು ಬೆಂಬಲಿಸಿ ತಮ್ಮ ಜನರ ಮುನಿಸಿಗೂ ಗುರಿಯಾದರು. ಅವರ ರಾಜಕೀಯವನ್ನು ಒಂದು ಸೂತ್ರದಲ್ಲಿ ಪೋಣಿಸಲು ನನಗೆ ಸಾಧ್ಯವಾಗಿಲ್ಲ. ೧೯೭೦ರಲ್ಲಿ ಸಂಬಳದ ವಿಷಯವಾಗಿ ಮೇಳದ ಬಹುಮಂದಿ ಒಟ್ಟಿಗೆ ಬಿಟ್ಟುಹೋದರು. ಆಗ ಸಿನ್ಸಿನಾಟಿಯಿಂದ ವಿಮಾನದಲ್ಲಿ ಬಂದಿಳಿದ ಹೊಸ ಹುಡುಗರಲ್ಲಿ ಹದಿನೆಂಟು ವರ್ಷದ ಬೂಟ್ಸಿ ಕಾಲಿನ್ಸ್ ಒಬ್ಬ. ಒಂದರ ವಿದ್ಯೆಯನ್ನು ಬ್ರೌನರಲ್ಲಿ ಕಲಿತು, ದಂಡದ ಶಿಸ್ತು ಒಗ್ಗದೆ ವರ್ಷದೊಳಗೇ ಹೊರಟುಹೋದ ಅವನು ಮುಂದೆ ಜಾರ್ಜ್ ಕ್ಲಿಂಟನ್ನರ ಮೇಳ ಸೇರಿ ಫಂಕ್ ಸಂಗೀತವನ್ನು ಬೇರೊಂದು ದಿಕ್ಕಿಗೆ ಒಯ್ದನು. ೧೯೭೪ರ ಸೆಪ್ಟೆಂಬರಿನಲ್ಲಿ ಆಫ್ರಿಕದ ಕಿನ್ಶಾಸಾ ನಗರದಲ್ಲಿ ಮೂರು ದಿನ ನಡೆದ ಸಂಗೀತೋತ್ಸವದಲ್ಲಿ ಬ್ರೌನರು ಹಾಡಿದರು. ಮುಹಮ್ಮದ್ ಅಲಿ ಮತ್ತು ಫೋರ್‌ಮನ್‌ರ ಮುಷ್ಟಿಯುದ್ಧಕ್ಕೆಂದು ಏರ್ಪಟ್ಟ ಉತ್ಸವವದು. ಯುದ್ಧ ಮುಂದಕ್ಕೆ ಹೋದರೂ ಹಾಡು ನಿಲ್ಲಲಿಲ್ಲ.

ಕೊನೆಯ ಮೂವತ್ತು ವರ್ಷಗಳನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ಮಾದಕ ವಸ್ತುವಿನ ಚಟ ಹತ್ತಿತು. ೧೯೮೮ರಲ್ಲಿ ಪೋಲೀಸರು ಎರಡು ಪ್ರಾಂತಗಳ ಗಡಿ ದಾ​ಟಿ ಬೆನ್ನಟ್ಟಿ ಹಿಡಿದ ಪ್ರಕರಣದಲ್ಲಿ ಆರು ವರ್ಷಗಳ ಶಿಕ್ಷೆಯಾಗಿ, ೧೯೯೧ರಲ್ಲಿ ಬಿಡುಗಡೆಯಾದರು. ಪತ್ನಿಯರ ಮೇಲೆ ಕೈಮಾಡಿದ ಆರೋಪದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಬಂಧನಕ್ಕೊಳಗಾದರು. ೨೦೦೪ರಲ್ಲಿ ಅಂಥ ಒಂದು ಆರೋಪವನ್ನು ಅವರು ನ್ಯಾಯಸ್ಥಾನದಲ್ಲಿ ಎದುರಿಸದೆ ಬಿಟ್ಟುಕೊಟ್ಟರು. ಸಂಗೀತ ದೊಡ್ಡದೆಂಬ ಕಾರಣಕ್ಕೆ ಇದನ್ನು ಮರೆಸಲಾಗದು. ಆ ಹೆಂಗಸರ ಕೂಗು ಯಾವ ಮುದ್ರಿಕೆಯಲ್ಲಿಯೂ ಇಲ್ಲ. ಮೇಳದ ಡ್ರಮ್ಮುಗಾರರಲ್ಲಿ ಒಬ್ಬರಾದ ಕ್ಲೈಡ್ ಸ್ಟಬ್ಬಲ್‌ಫೀಲ್ಡರ ಕಥೆಯನ್ನೂ ಇಲ್ಲಿಯೇ ಹೇಳಬೇಕು. ಫಂಕಿ ಡ್ರಮ್ಮರ್ ಎಂಬ ಹೆಸರಿನಲ್ಲಿ ೧೯೬೯ರಲ್ಲಿ ಅವರು ನುಡಿಸಿದ ಕೆಲವು ಕ್ಷಣಗಳ ಒಂಟಿ ನಡೆಯನ್ನು ಮುಂದಿನ ಪೀಳಿಗೆಯವರು ಕತ್ತರಿಸಿ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಬಳಸಿಕೊಂಡರು. ಹಾಡಿನ ಕರ್ತೃವೆಂದು ದಾಖಲಾದ ಹೆಸರು ಬ್ರೌನರದು. ಸ್ಟಬ್ಬಲ್‌ಫೀಲ್ಡರಿಗೆ ಆ ಹಾಡಿನ ರಾಯಧನ ಸೇರಲಿಲ್ಲ. ಅವರು ೨೦೧೭ರಲ್ಲಿ ತೀರಿಕೊಂಡರು.

ಬ್ರೌನರು ೨೦೦೬ರ ಡಿಸೆಂಬರ್ ೨೫ರಂದು ಅಟ್ಲಾಂಟಾದ ಆಸ್ಪತ್ರೆಯಲ್ಲಿ, ತಮ್ಮ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ನಿಧನರಾದರು. ವರ್ಷದ ಕೊನೆಯ ರಾತ್ರಿಗೆ ಕಚೇರಿಯೊಂದು ಗೊತ್ತಾಗಿತ್ತು. ಆಸ್ತಿಯ ಬಹುಭಾಗವನ್ನು ಜಾರ್ಜಿಯಾ ಮತ್ತು ದಕ್ಷಿಣ ಕೆರೊಲೈನಾದ ಬಡಮಕ್ಕಳ ಓದಿಗೆಂದು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ತಕ್ಕ ಬಟ್ಟೆಯಿಲ್ಲವೆಂದು ಮನೆಗೆ ಅಟ್ಟಿಸಿಕೊಂಡ ಹುಡುಗ ಅಂದು ಏನು ನೆನೆದಿದ್ದನೋ. ವಾರಸುದಾರರ ವ್ಯಾಜ್ಯ ಹದಿನೈದು ವರ್ಷ ಎಳೆಯಿತು. ೨೦೨೧ರಲ್ಲಿ ಅವರ ಹಾಡುಗಳ ಹಕ್ಕನ್ನು ಮಾರಿದ ಮೇಲೆಯೇ ಆ ಹಣಕ್ಕೆ ದಾರಿ ತೆರೆಯಿತು.

ಡಿಸೆಂಬರ್ ೨೮ರಂದು ಪಾರ್ಥಿವ ಶರೀರವನ್ನು ಬಿಳಿಯ ಕುದುರೆಗಳ ಸಾರೋಟಿನಲ್ಲಿ ಹಾರ್ಲೆಮ್ಮಿನ ಬೀದಿಗಳಲ್ಲಿ ತಂದು ಅಪೊಲೊದ ವೇದಿಕೆಯ ಮೇಲೆ ಇಟ್ಟರು. ಚಳಿಯಲ್ಲಿ ಸಾವಿರಾರು ಜನ ಬೀದಿಯುದ್ದಕ್ಕೂ ಸಾಲು ನಿಂತಿದ್ದರು. ಸಾಲಿನಲ್ಲಿ ಮುದುಕರಿದ್ದರು, ಮೊಮ್ಮಕ್ಕಳ ಕೈ ಹಿಡಿದವರಿದ್ದರು. ಹಳೆಯ ಮುದ್ರಿಕೆಗಳ ದನಿ ಕೇಳುತ್ತಿತ್ತು. ಕೆಲವರು ನಿಂತಲ್ಲಿಯೇ ಕುಣಿಯುತ್ತಿದ್ದರು, ಕೆಲವರು ಅಳುತ್ತಿದ್ದರು. ೧೯೬೨ರ ಆ ಬುಧವಾರ ಒಳಗೆ ಕುಳಿತು ಕೂಗಿದವರಲ್ಲಿ ಯಾರಾದರೂ ಆ ಸಾಲಿನಲ್ಲಿದ್ದರೆ ಅವರಿಗೆ ಎಪ್ಪತ್ತರ ಹತ್ತಿರ ಹತ್ತಿರ ವಯಸ್ಸಾಗಿರಬೇಕು. ಬಾಗಿಲು ತೆರೆದ ಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದು, ಮೆಟ್ಟಿಲು ಹತ್ತಿ, ಈ ಸಲ ಯಾವ ಪೋಲೀಸರೂ ತಡೆಯದಂತೆ ವೇದಿಕೆಯ ಮೇಲೆ ನಡೆದು, ಅವರ ಮುಖ ನೋಡಿ ಇಳಿದು ಹೋದರು.